ಕನಾತಿನ ಬಾಗಿಲು

“ಅಕ್ಕಾರ, ನಿಮ್ಮ ಹತ್ರ ಸೈಡಿಗೆ ಕಟ್ಟು ಅರಿವಿ ಎಷ್ಟ ಐತ್ರಿ?” ಎಂದು ಫೋನಿನಲ್ಲಿ ಕೇಳಿದವರು ಒಬ್ಬ ಸರ್ಕಾರಿ ಸಾಹೇಬರು. ಮದುವೆ ಯಾರದು ಎಂದು ನಾನು ಕೇಳಿದೆ. ಅವರು ನಕ್ಕರು. ಮದುವೆ ಅಲ್ಲ, ಮಂತ್ರಿಗಳು ಬರುವವರಿದ್ದರು. ಮುಂದಿನ ಊರಿನಲ್ಲಿ ಹೊಸ ಭವನದ ಉದ್ಘಾಟನೆ. ವೇದಿಕೆ, ಕುರ್ಚಿ, ಶಾಮಿಯಾನ ಎಲ್ಲ ಅಥಣಿಯವರಿಗೆ ಹೋಗಿಬಿಟ್ಟಿತ್ತು. ನನ್ನ ಪಾಲಿಗೆ ಬಂದದ್ದು ದಾರಿಯ ಬದಿಗೆ ಕನಾತು ಕಟ್ಟುವ ಕೆಲಸ ಮಾತ್ರ.

ಕನಾತು ಎಂದರೆ ಹಂದರದ ಪಕ್ಕಕ್ಕೆ ನಿಲ್ಲಿಸುವ ಬಟ್ಟೆಯ ಗೋಡೆ. ಹಾರೂಗೇರಿಯಲ್ಲಿ ನಮ್ಮದು ಮಂಡಪದ ಅಂಗಡಿ. ನಮ್ಮ ಯಜಮಾನರು ಏಣಿಯಿಂದ ಬಿದ್ದು ಬೆನ್ನು ಕೆಡಿಸಿಕೊಂಡ ಮೇಲೆ ಅವರು ಅಂಗಡಿಯಲ್ಲಿ ಕುಳಿತು ನನಗೆ ಬುದ್ಧಿ ಹೇಳುತ್ತಾರೆ, ನಾನು ಹೊರಗೆ ಹೋಗಿ ಕಂಬ ನಿಲ್ಲಿಸುತ್ತೇನೆ. ಮುಚ್ಚುವುದು ನಮ್ಮ ಕಸುಬಿನ ಅರ್ಧ. ಅಡಿಗೆ ಮಾಡುವ ಜಾಗ, ಪಾತ್ರೆ ತಿಕ್ಕುವ ಜಾಗ, ಎಂಜಲೆಲೆ ಬೀಳುವ ಜಾಗ ಬೀಗರ ಕಣ್ಣಿಗೆ ಬೀಳಬಾರದು. ಹಾಗಾಗಿ ಏನು ಮುಚ್ಚಬೇಕು ಎಂದು ನಾವು ಕೇಳುವುದಿಲ್ಲ, ಎಷ್ಟು ಫೂಟು ಎಂದು ಕೇಳುತ್ತೇವೆ. ಅವತ್ತೂ ನಾನು ಅಷ್ಟನ್ನೇ ಕೇಳಿದೆ.

ಸಾಹೇಬರಿಗೆ ಹಸಿರು ಜಾಳಿ ಬೇಕಿತ್ತು, ನರ್ಸರಿಯವರು ಹೊದಿಸುತ್ತಾರಲ್ಲ, ಅಂಥದ್ದು. ದೂರದಿಂದ ನೋಡಿದವರಿಗೆ ಹೊಲ ಇದ್ದ ಹಾಗೆ ಕಾಣುತ್ತದೆ ಎಂದು ಅವರ ಲೆಕ್ಕ. ನನ್ನ ಹತ್ತಿರ ಇದ್ದದ್ದು ಕೆಂಪು ಹಳದಿ ಪಟ್ಟಿಯ, ಮೇಲಂಚಿಗೆ ಝಾಲರ ಹೊಲಿದ ಲಗ್ನದ ಕನಾತು. ಅದನ್ನೇ ಹೇಳಿದೆ. “ಯಾವುದರ ಹಾಕ್ರಿ. ಒಟ್ಟ ಹಿಂದಿಂದು ಕಾಣಬಾರದು” ಎಂದರು.

ಮರುದಿನ ಬೆಳಿಗ್ಗೆ ಗಾಡಿಯಲ್ಲಿ ಬಿದಿರು, ಗೂಟ, ಹಗ್ಗ, ಹಾರೆ, ಬಟ್ಟೆಯ ಗಂಟು ಹೇರಿಕೊಂಡು ಹೋದೆವು. ಜೊತೆಗಿದ್ದವನು ನಮ್ಮ ಅಂಗಡಿಯ ಹಳೆಯ ಆಳು. ನನ್ನ ಮಾವನವರ ಕಾಲದಿಂದ ಇದ್ದಾನೆ. ಎಲ್ಲರೂ ಮಾಮಾ ಎನ್ನುತ್ತೇವೆ. ನನ್ನ ಮೇಲೆ ನಮ್ಮ ಯಜಮಾನರಿಗಿಂತ ಅವನದೇ ದರ್ಪ ಹೆಚ್ಚು. ಸಾಹೇಬರು ರಸ್ತೆಯ ಮೇಲೆ ಜೀಪು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಆ ಕಡೆಯಿಂದ ಈ ಕಡೆಗೆ ಕೈ ತೋರಿಸಿ, “ಅಲ್ಲಿಂದ ಇಲ್ಲೀ ತನಕ” ಎಂದರು. ಆಗ ನಾನು ಕೆಳಗೆ ನೋಡಿದೆ.

ರಸ್ತೆಗಿಂತ ಆಳುದ್ದ ತಗ್ಗಿನಲ್ಲಿ ಒಂದು ಬಯಲು. ಅದರ ತುಂಬ ಕಬ್ಬು ಕಡಿಯುವವರ ಗುಡಿಸಲುಗಳು. ನಾಲ್ಕು ಕೋಲು ಬಗ್ಗಿಸಿ, ಮೇಲೆ ಕಬ್ಬಿನ ಒಣ ಎಲೆ, ಅಂದರೆ ರವದಿ, ಹೊದಿಸಿದವು; ಒಳಗೆ ಹೋಗಬೇಕಾದರೆ ಮೊಣಕಾಲೂರಬೇಕು. ಎತ್ತು, ಬಂಡಿ, ಕಲ್ಲಿನ ಒಲೆ, ಒಣಹಾಕಿದ ಸೀರೆ. ನಡುವೆ ಮೂರು ಗುಡಿಸಲು ಸುಟ್ಟು ಬೂದಿಯಾಗಿದ್ದವು. ಕರಿ ಹಿಡಿದ ಕೋಲುಗಳು ಹಾಗೇ ನಿಂತಿದ್ದವು.

ರಸ್ತೆ ಎತ್ತರ, ಬಯಲು ತಗ್ಗು. ಕನಾತನ್ನು ಬಯಲಿನಲ್ಲಿ ನಿಲ್ಲಿಸಿದರೆ ಕಾರಿನಲ್ಲಿ ಕುಳಿತವರಿಗೆ ಅದರ ತಲೆಯ ಮೇಲಿಂದ ಎಲ್ಲ ಕಾಣುತ್ತದೆ. ರಸ್ತೆಯ ಅಂಚಿನಲ್ಲೇ ನಿಲ್ಲಿಸಬೇಕು. ಅಲ್ಲಿ ಮೇಲೆ ಗಟ್ಟಿ ಮುರುಮು, ಕೆಳಗೆ ಎರೆಮಣ್ಣು. ಹಾರೆ ಮೊದಲು ಪುಟಿಯುತ್ತದೆ, ಆಮೇಲೆ ಹಿಡಿತವಿಲ್ಲದೆ ಇಳಿಯುತ್ತದೆ. ಮಾಮಾ ಗೊಣಗುತ್ತಲೇ ಮೊದಲ ಕುಣಿ ತೋಡಿದ. ಮೊದಲ ಕಂಬ ನಿಲ್ಲಿಸಿ ಮಣ್ಣು ತುಳಿಯುತ್ತಿದ್ದಾಗ ಕೆಳಗಿನಿಂದ ಒಬ್ಬ ಮುದುಕಿ ಏರಿ ಹತ್ತಿ ಬಂದಳು. ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಕುಂಕುಮದ ಡಬ್ಬಿ.

“ಹಂದರಗಂಬ ನೆಟ್ಟು ಹಂಗ ಬರಿಗೈಲೆ ಬಿಡತಾರೇನ ತಂಗಿ?” ಎಂದಳು.

ನಮ್ಮ ಕಡೆ ಲಗ್ನದ ಹಂದರಕ್ಕೆ ಮೊದಲ ಕಂಬ ನೆಟ್ಟಾಗ ಹೆಣ್ಣುಮಕ್ಕಳು ಅದಕ್ಕೆ ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿ, ಮಾವಿನ ಎಲೆ ಕಟ್ಟುತ್ತಾರೆ. ಕೆಂಪು ಹಳದಿ ಬಟ್ಟೆ ನೋಡಿ ಆಕೆಗೆ ಅದೇ ನೆನಪಾಗಿತ್ತು. ನಾನು ಏನಾದರೂ ಅನ್ನುವುದರೊಳಗೆ ಕಂಬದ ಬುಡಕ್ಕೆ ನೀರು ಹಾಕಿ, ಕುಂಕುಮ ಹಚ್ಚಿ, ಕೈ ಮುಗಿದಳು. ಆಮೇಲೆ ಕೆಳಗೆ ತಿರುಗಿ, “ಬರ್ರೆ ಎಲ್ಲಾರೂ, ದೊಡ್ಡ ಸಾಹೇಬ್ರು ನಮ್ಮಲ್ಲಿಗೇ ಬರಾಕತ್ತಾರ. ಹಂದರ ಹಾಕಾಕತ್ತಾರ” ಎಂದು ಕೂಗಿ ಕರೆದಳು.

ಅವರ ಸುದ್ದಿ ನಮಗೆ ತಿಳಿದದ್ದು ಚಹಾ ಕುಡಿಯುವಾಗ. ಹೌದು, ಆಕೆಯೇ ನಮಗೆ ಚಹಾ ಕಾಸಿ ತಂದುಕೊಟ್ಟಳು. ಅವರು ವಿಜಯಪುರದ ಕಡೆಯವರು, ಕಬ್ಬಿನ ಹಂಗಾಮಿಗೆ ಬಂದಿದ್ದರು. ಕೆಲವು ದಿನಗಳ ಹಿಂದೆ ಗಾಳಿಗೆ ಒಲೆಯ ಕಿಡಿ ರವದಿಗೆ ತಾಗಿ ಮೂರು ಗುಡಿಸಲು ಉರಿದುಹೋಗಿದ್ದವು. ಜೀವ ಉಳಿದವು, ಜೋಳ, ಹಾಸಿಗೆ, ಅರಿವೆ ಯಾವುದೂ ಉಳಿಯಲಿಲ್ಲ. ಆಕೆಯ ಸೊಸೆ ಹಸಿ ಬಾಣಂತಿ, ಕೂಸನ್ನು ಕಟ್ಟಿಕೊಂಡು ಬಂಡಿಯ ಕೆಳಗೆ ಮಲಗುತ್ತಿದ್ದಳು. ಯಾರೋ ಬಂದು ನೋಡಿ, ದೊಡ್ಡ ಸಾಹೇಬರು ಕಣ್ಣಾರೆ ನೋಡಿದರೆ ತಗಡು ಕೊಡಿಸಬಹುದು ಎಂದು ಹೇಳಿ ಹೋಗಿದ್ದರಂತೆ. ಆವತ್ತಿನಿಂದ ಇವರು ದೊಡ್ಡ ಸಾಹೇಬರನ್ನು ಕಾಯುತ್ತಿದ್ದರು.

“ಬೂದಿ ತಗೀಬ್ಯಾಡ್ರಿ ಅಂತ ನಾನ ಹೇಳೇನಿ” ಎಂದಳು ಮುದುಕಿ. “ಬಂದ ಮ್ಯಾಲ ನೋಡಾಕ ಏನರ ಇರಬೇಕಲ್ಲ.”

ಸುತ್ತಲ ಅಂಗಳವನ್ನೆಲ್ಲ ಸಾರಿಸಿ ಗುಡಿಸಿ ಹಸನು ಮಾಡಿದ್ದಳು. ಬೂದಿಯೊಂದನ್ನು ಮುಟ್ಟಿರಲಿಲ್ಲ. ಚಹಾದ ಬಟ್ಟಲು ನನ್ನ ಕೈಯಲ್ಲಿ ಹಾಗೇ ಉಳಿಯಿತು. ಮಾಮಾ ನನ್ನ ಮುಖ ನೋಡಿದ. ಮುದುಕಿ ಆ ಕಡೆ ಹೋದ ಮೇಲೆ, “ಹೇಳಿಬಿಡ್ರಿ ಅಕ್ಕಾರ, ಇದು ಹಂದರ ಅಲ್ಲ ಅಂತ” ಎಂದ.

“ನೀನ ಹೇಳು. ಬಾಯಿ ದೊಡ್ಡದೈತಲ್ಲ ನಿಂದು.”

ಅವನೂ ಹೇಳಲಿಲ್ಲ. ಇಬ್ಬರೂ ಎರಡನೆಯ ಕುಣಿ ತೋಡಲು ಹೋದೆವು.

ಮಧ್ಯಾಹ್ನದ ಹೊತ್ತಿಗೆ ಅರ್ಧ ಗೋಡೆ ಎದ್ದಿತ್ತು. ಆಗ ಗಾಳಿ ಬಂತು. ಮೇಲೆ ಶಾಮಿಯಾನ ಇದ್ದರೆ ಕನಾತಿಗೆ ನಾಲ್ಕೂ ಕಡೆ ಆಸರೆ ಸಿಗುತ್ತದೆ. ಇದು ಒಂಟಿ ಗೋಡೆ, ಅದೂ ಬಟ್ಟ ಬಯಲಲ್ಲಿ. ಬಟ್ಟೆ ಉಬ್ಬಿತು, ಕಂಬಗಳು ಒಂದೊಂದಾಗಿ ಬಾಗಿದವು, ಕೊನೆಗೆ ಪೂರಾ ಸಾಲು ರಸ್ತೆಯ ಕಡೆ ಮಗುಚಿ ಬಿತ್ತು. ಒಂದು ಬಿದಿರು ಸೀಳಿತು. ಸಾಹೇಬರು ಜೀಪಿನಿಂದ ಇಳಿದು ಬಂದು, ನಾಳೆ ಹೀಗಾದರೆ ತಮ್ಮ ನೌಕರಿಗೆ ಕುತ್ತು ಎಂದರು. ಅವರ ಮುಖದಲ್ಲಿ ನಿಜವಾಗಿಯೂ ಭಯವಿತ್ತು. ಅವರೂ ಯಾರದೋ ಫೋನಿಗೆ ಹೆದರಿಕೊಂಡು ಓಡಾಡುತ್ತಿದ್ದವರೇ.

ಇಂಥ ಗೋಡೆಗೆ ಹಿಂದಿನಿಂದ ಎಳೆಹಗ್ಗ ಕಟ್ಟಬೇಕು. ಕಂಬದ ತಲೆಯಿಂದ ಹಗ್ಗ ಇಳಿಸಿ ದೂರಕ್ಕೆ ಗೂಟ ಹೊಡೆಯಬೇಕು. ದೂರ ಎಂದರೆ ಅವರ ಅಂಗಳ. ಎರೆಮಣ್ಣಿನಲ್ಲಿ ಗೂಟ ಕಿತ್ತು ಬರುತ್ತಿದ್ದರಿಂದ ಪ್ರತಿ ಗೂಟದ ಮೇಲೂ ಮಣ್ಣು ತುಂಬಿದ ಚೀಲ ಹೇರಬೇಕಾಯಿತು. ನಮ್ಮ ಹತ್ತಿರ ಚೀಲ ಇರಲಿಲ್ಲ. ಅವರು ಕೊಟ್ಟರು. ಮಣ್ಣನ್ನೂ ಅವರೇ ತುಂಬಿದರು. ಬೆಳಗಿನಿಂದ ಕಬ್ಬು ಕಡಿದು ಬಂದ ಗಂಡಸರು ಕೊಡಲಿಯ ಹಿಂಬದಿಯಿಂದ ಗೂಟ ಹೊಡೆದರು. ಒಂದು ಗೂಟಕ್ಕೆ ಸರಿಯಾದ ಜಾಗ ಮುದುಕಿಯ ಒಲೆಯಿದ್ದಲ್ಲೇ ಬಂತು. ನಾನು ಬೇರೆ ಕಡೆ ಹೊಡೆಯೋಣ ಎಂದೆ. ಆಕೆ ಬಿಸಿ ಆರದ ಕಲ್ಲುಗಳನ್ನು ಸೆರಗಿನಲ್ಲಿ ಹಿಡಿದು ಪಕ್ಕಕ್ಕೆ ಸರಿಸಿ, “ನಮ್ಮದ ಕೆಲಸ ಐತಿ ಇದು, ಹೊಡಿ” ಎಂದಳು.

ತಮ್ಮನ್ನು ಮುಚ್ಚುವ ಗೋಡೆಯನ್ನು ಅವರೇ ಎತ್ತಿ ನಿಲ್ಲಿಸುತ್ತಿದ್ದರು. ನಾನು ನಡುವೆ ನಿಂತು, “ಇನ್ನಷ್ಟು ಜಗ್ಗ್ರಿ, ಬರೋಬರಿ ಆತು” ಎಂದು ಹೇಳುತ್ತಿದ್ದೆ. ಕಸುಬಿನ ಮಾತು ಬಾಯಿಗೆ ತಾನಾಗಿ ಬರುತ್ತದೆ. ಒಳಗೆ ಮಾತ್ರ ನಾಚಿಕೆಯಿಂದ ಹಿಡಿಯಾಗುತ್ತಿದ್ದೆ.

ಸಂಜೆಯ ಹೊತ್ತಿಗೆ ಒಂದು ಕಡೆ ಬಿಟ್ಟು ಗೋಡೆ ಪೂರ್ತಿಯಾಯಿತು. ಆ ಜಾಗದಿಂದಲೇ ಅವರು ರಸ್ತೆ ದಾಟಿ ಕಾಲುವೆಯ ನೀರಿಗೆ ಹೋಗುವುದು. ಸಾಹೇಬರು ಅದನ್ನೂ ಹೊಲಿದುಬಿಡಿ ಎಂದರು. ನನಗೆ ಎಲ್ಲಿತ್ತೋ ಸಿಟ್ಟು, ಬಂತು.

“ಬಾಗಿಲಾ ಬಿಡದ ನಾವು ಕನಾತ ಕಟ್ಟಂಗಿಲ್ರಿ. ಕೊಟ್ಟಿಗಿಗೂ ಒಂದ ಬಾಗಿಲಾ ಇರತೈತಿ.”

“ಅಕ್ಕಾರ, ಆ ಸುಟ್ಟದ್ದು ಬರೋಬರಿ ಅಲ್ಲೇ ಕಾಣತೈತ್ರಿ.”

“ಪರದೆ ಇಳಿಬಿಡತೀನ್ರಿ. ನೀರಿಗೆ ಹೋಗಾಕ ದಾರಿ ಬೇಕಲ್ರಿ ಅವರಿಗೆ.”

ಅವರು ತಲೆ ಕೆರೆದುಕೊಂಡು ಒಪ್ಪಿದರು. ನಾನು ಎರಡು ಒಳ್ಳೆಯ ಕಂಬ ಆರಿಸಿ ಬಾಗಿಲು ನಿಲ್ಲಿಸಿದೆ. ಮೇಲೆ ಅಡ್ಡಬಿದಿರು, ಅದಕ್ಕೆ ಒಂದು ಪರದೆ. ಪರದೆಯನ್ನು ಬಿಗಿಯಾಗಿ ಕಟ್ಟಲಿಲ್ಲ, ಒಮ್ಮೆ ಜಗ್ಗಿದರೆ ಬಿಚ್ಚಿಕೊಳ್ಳುವ ಗಂಟು ಹಾಕಿದೆ. ಹಗ್ಗದ ತುದಿಯನ್ನು ಕಂಬದ ಗುಂಟ ಇಳಿಸಿ ಕೈಗೆ ಎಟುಕುವಲ್ಲಿ ಸುತ್ತಿದೆ. ಮಾಮಾ ನೋಡುತ್ತಲೇ ಇದ್ದ.

ಆಮೇಲೆ ಮುದುಕಿಯ ಹತ್ತಿರ ಹೋಗಿ ಕುಳಿತು ಎಲ್ಲ ಹೇಳಿದೆ. ಇದು ಹಂದರ ಅಲ್ಲ, ನೀವು ಕಾಣಬಾರದೆಂದು ಕಟ್ಟಿಸಿದ ಗೋಡೆ, ಮಂತ್ರಿಗಳು ಇಲ್ಲಿಗೆ ಬರುತ್ತಿಲ್ಲ, ಈ ದಾರಿಯಲ್ಲಿ ಹಾದುಹೋಗುತ್ತಾರೆ ಎಂದೆ. ಆಕೆ ಕಂಬಕ್ಕೆ ತಾನೇ ಹಚ್ಚಿದ ಕುಂಕುಮದ ಕಡೆ ನೋಡಿದಳು.

“ನೀ ಮುಂಜಾನೆನ ಹೇಳಬೇಕಿತ್ತ ತಂಗಿ.”

“ಹೌದ ಆಯಿ. ತಪ್ಪಾತು.”

ಪರದೆಯ ಹಗ್ಗ ತೋರಿಸಿದೆ. ನಾಳೆ ಗಾಡಿಗಳು ಸಮೀಪ ಬಂದಾಗ ನಾನು ಇದನ್ನು ಜಗ್ಗುತ್ತೇನೆ, ಪರದೆ ಬೀಳುತ್ತದೆ, ಸುಟ್ಟ ಗುಡಿಸಲು ಎದುರಿಗೇ ಕಾಣುತ್ತದೆ, ನೀವೆಲ್ಲ ಅಲ್ಲೇ ನಿಂತಿರಿ ಎಂದೆ. ಸಾಹೇಬರು ಕೇಳಿದರೆ ಗಾಳಿಗೆ ಬಿಚ್ಚಿತು ಎಂದರಾಯಿತು. ಆಕೆ “ಜಗ್ಗತಿ ಹೌದಿಲ್ಲೋ?” ಎಂದಳು. ನಾನು ಆಕೆಯ ಕೈ ಹಿಡಿದು ಹೂಂ ಎಂದೆ.

ಮರುದಿನ ನಾನು ಹೋಗುವಷ್ಟರಲ್ಲಿ ಆಕೆ ಬಾಗಿಲಿನ ಎರಡೂ ಕಂಬಗಳಿಗೆ ಮಾವಿನ ಸೊಪ್ಪು ಕಟ್ಟಿದ್ದಳು. ಪರದೆಯ ಹಿಂದೆ ಹೆಂಗಸರು, ಮಕ್ಕಳು ತಲೆ ಬಾಚಿಕೊಂಡು ಸಾಲಾಗಿ ಕುಳಿತಿದ್ದರು. ಬಾಣಂತಿ ಸೊಸೆ ಕೂಸನ್ನು ಎತ್ತಿಕೊಂಡು ಮುಂದೆಯೇ ಇದ್ದಳು. ಅವತ್ತು ಯಾರೂ ಕಬ್ಬಿಗೆ ಹೋಗಿರಲಿಲ್ಲ. ನಾನು ಬಾಗಿಲ ಕಂಬಕ್ಕೆ ಒರಗಿ, ಹಗ್ಗದ ತುದಿಯನ್ನು ಸೆರಗಿನೊಳಗೆ ಹಿಡಿದು ನಿಂತೆ. ಸಾಹೇಬರು ರಸ್ತೆಯ ಆಚೆ ಫೋನು ಕಿವಿಗೆ ಹಚ್ಚಿಕೊಂಡು ಅಡ್ಡಾಡುತ್ತಿದ್ದರು.

ಮೊದಲು ಪೊಲೀಸ್ ಗಾಡಿ ಹೋಯಿತು. ಹಿಂದೆ ಬಿಳಿ ಕಾರುಗಳ ಸಾಲು. ಜಗ್ಗಲು ಕೈ ಬಿಗಿ ಮಾಡಿದೆ. ಅಷ್ಟರಲ್ಲಿ ಆ ಕಾರುಗಳು ವೇಗ ತಗ್ಗಿಸಿ, ನಮ್ಮ ಬಾಗಿಲಿನ ಎದುರಿಗೇ ನಿಂತುಬಿಟ್ಟವು.

ಲಗ್ನದ ಬಟ್ಟೆ, ಝಾಲರ, ಮಾವಿನ ಸೊಪ್ಪಿನ ಬಾಗಿಲು, ಪಕ್ಕದಲ್ಲಿ ಒಬ್ಬ ಹೆಂಗಸು. ಮಂತ್ರಿಗಳು ಇದು ತಮ್ಮ ಸ್ವಾಗತಕ್ಕೆ ಎಂದು ತಿಳಿದುಕೊಂಡಿದ್ದರು. ಇಳಿದು ಬಂದರು. ಹಿಂದೆ ಅವರ ಜನ, ಕ್ಯಾಮೆರಾದವರು. ಸಾಹೇಬರು ಓಡಿ ಬಂದು ನನಗೂ ಪರದೆಗೂ ನಡುವೆ ನಿಂತರು. ಮಂತ್ರಿಗಳು ಬಟ್ಟೆಯನ್ನು ಮುಟ್ಟಿ ನೋಡಿ, “ಭಾಳ ಛಂದ ಕಟ್ಯಾರ. ಯಾರದಿದು ಕೆಲಸ?” ಎಂದರು.

“ಈ ಅಕ್ಕಾರದ್ರಿ” ಎಂದರು ಸಾಹೇಬರು. “ನಮ್ಮ ತಾಲೂಕಿನಾಗ ಮಂಡಪದ ಕೆಲಸಾ ಮಾಡು ಹೆಣಮಗಳು ಇವರೊಬ್ಬರ ರೀ.”

ಒಬ್ಬರೇ ಹೌದೋ ಅಲ್ಲವೋ ನನಗೂ ಗೊತ್ತಿಲ್ಲ. ಮಂತ್ರಿಗಳು ಹಿಂದೆ ಕೈ ಚಾಚಿದರು, ಯಾರೋ ಕಾರಿನಿಂದ ಒಂದು ಶಾಲು ತಂದುಕೊಟ್ಟರು. ಅವರೇ ನನ್ನ ಹೆಗಲಿಗೆ ಹೊದಿಸಿದರು. ನಾನು ಕುತ್ತಿಗೆ ಬಗ್ಗಿಸಿದೆ. ಜನ ಚಪ್ಪಾಳೆ ತಟ್ಟಿದರು. ನಮ್ಮ ಯಜಮಾನರು ಈಗ ಇಲ್ಲಿರಬೇಕಿತ್ತು ಎಂದು ನನಗೆ ಅನ್ನಿಸಿತು. ಅಂಥ ಹೊತ್ತಿನಲ್ಲಿ ನನಗೆ ಅನ್ನಿಸಿದ್ದು ಅದು.

ಆಗ ಅವರು ಪರದೆಯ ಕಡೆ ನೋಡಿ ಕೇಳಿದರು. ಗತ್ತಿನಿಂದ ಕೇಳಲಿಲ್ಲ, ಮನೆಯ ಹಿರಿಯರು ವಿಚಾರಿಸುವ ಹಾಗೆ ಕೇಳಿದರು.

“ಹಿಂದ ಏನೈತವ್ವಾ?”

ಹಗ್ಗ ನನ್ನ ಕೈಯಲ್ಲಿತ್ತು. ಬಾಯಿ ತೆರೆಯುವ ಅಗತ್ಯವೂ ಇರಲಿಲ್ಲ, ಜಗ್ಗಿದ್ದರೆ ಸಾಕಾಗಿತ್ತು. ಸಾಹೇಬರ ಕಣ್ಣು ನನ್ನ ಮೇಲಿತ್ತು. ಆದರೆ ನಾನು ಹಗ್ಗ ಜಗ್ಗದೇ ಇದ್ದದ್ದು ಅವರಿಗೆ ಹೆದರಿ ಅಲ್ಲ. ಹೆದರಿ ಬಿಟ್ಟಿದ್ದರೆ ಇವತ್ತು ನನ್ನ ಮನಸ್ಸಿಗೆ ಒಂದು ಸಮಾಧಾನವಾದರೂ ಇರುತ್ತಿತ್ತು. ನಾನು ಹಿಗ್ಗಿದ್ದೆ. ಇಷ್ಟು ಛಂದದ ಕೆಲಸ ಎನ್ನಿಸಿಕೊಂಡ ಮೇಲೆ ಅದರ ಹಿಂದಿನದನ್ನು ತೋರಿಸಿ ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಬೀಗರಿಗೆ ಎಷ್ಟೋ ಸಲ ಹೇಳಿದ ಮಾತು ತಾನಾಗಿ ಬಾಯಿಗೆ ಬಂತು.

“ಏನಿಲ್ರಿ. ಹಿಂದ ಅಡಿಗಿ ಮನಿ ಐತ್ರಿ.”

“ಹೌದಾ? ಮತ್ತ ನಮ್ಮನ್ನ ಊಟಕ್ಕ ಕರಿಯಂಗಿಲ್ಲೇನು?” ಎಂದರು ಮಂತ್ರಿಗಳು. ಎಲ್ಲರೂ ನಕ್ಕರು. ಸಾಹೇಬರು ಎಲ್ಲರಿಗಿಂತ ಹೆಚ್ಚು ನಕ್ಕರು. ನಾನೂ ನಕ್ಕೆ. ಕಾರಿನ ಬಾಗಿಲುಗಳು ಮುಚ್ಚಿಕೊಂಡವು, ಸಾಲು ಮುಂದೆ ಹೋಯಿತು. ಧೂಳು ಇಳಿದ ಮೇಲೆ ಮಾಮಾ ಬಂದು ನನ್ನ ಕೈಯಿಂದ ಹಗ್ಗ ಬಿಡಿಸಿಕೊಂಡು ಜಗ್ಗಿದ. ಪರದೆ ಒಂದೇ ಸಲಕ್ಕೆ ಬಿತ್ತು. ಗಂಟು ಸರಿಯಾಗಿಯೇ ಇತ್ತು.

ಅವರು ಕುಳಿತಲ್ಲೇ ಕುಳಿತಿದ್ದರು. ಯಾರೂ ಎದ್ದಿರಲಿಲ್ಲ. ಪರದೆಯಿಂದ ಅವರಿಗೆ ಎರಡು ಮಾರು ದೂರ ಇರಲಿಲ್ಲ, ಒಂದೊಂದು ಮಾತೂ ಕೇಳಿಸಿತ್ತು. ಕೂಸು ನಿದ್ದೆ ಹೋಗಿತ್ತು. ಒಬ್ಬ ಹೆಂಗಸು ನನ್ನ ಹೆಗಲ ಮೇಲಿನ ಶಾಲನ್ನು ನೋಡಿ ಮುಖ ತಿರುಗಿಸಿದಳು. ಆಮೇಲೆ ಒಬ್ಬೊಬ್ಬರೇ ಎದ್ದು ತಮ್ಮ ತಮ್ಮ ಕೆಲಸಕ್ಕೆ ಹೋದರು.

“ಆಯಿ, ನೀವರ ಒದರಬೇಕಿತ್ತು” ಎಂದೆ. ಮೊದಲು ಬಂದದ್ದು ಆ ಮಾತು. ಎಂಥ ಮಾತು.

“ನೀ ಜಗ್ಗತಿ ಅಂತ ಕುಂತಿದ್ವಿ” ಎಂದಳು ಮುದುಕಿ.

ಮಂತ್ರಿಗಳು ಅದೇ ದಾರಿಯಲ್ಲಿ ಮರಳಿ ಬರಬಹುದು ಎಂದು ನಾನು ಸಂಜೆಯವರೆಗೆ ಕನಾತು ಬಿಚ್ಚದೆ ಕುಳಿತೆ. ಬಂದರೆ ಈ ಸಲ ರಸ್ತೆಗೆ ಅಡ್ಡ ನಿಂತಾದರೂ ಹೇಳಬೇಕು ಎಂದುಕೊಂಡೆ. ಅವರು ಕಾಗವಾಡದ ದಾರಿ ಹಿಡಿದು ಮಿರಜಿಗೆ ಹೋದರಂತೆ. ಸಾಹೇಬರನ್ನು ಹಿಡಿದು, ತಗಡಿನ ಮಾತು ಏನಾಯಿತು ಎಂದು ಕೇಳಿದೆ. “ನೀವ ಅಡಿಗಿ ಮನಿ ಅಂದ್ರಲ್ರಿ ಅಕ್ಕಾರ. ಇನ್ನ ನಾ ಹೋಗಿ ಏನ ಹೇಳಲಿ?” ಎಂದು ಜೀಪು ಹತ್ತಿದರು. ಅವರ ಮೇಲೆ ಸಿಟ್ಟು ಮಾಡಲು ನನಗೆ ಮುಖ ಉಳಿದಿರಲಿಲ್ಲ.

ಬಿಚ್ಚುವಾಗ ಯಾರೂ ನೆರವಿಗೆ ಬರಲಿಲ್ಲ. ಚೀಲಗಳ ಮಣ್ಣು ಸುರುವಿ, ಜಾಡಿಸಿ ಮಡಚಿ, ಅವರವರ ಗುಡಿಸಲ ಮುಂದೆ ಇಟ್ಟೆವು. ಗೂಟ ಕಿತ್ತ ಕುಣಿಗಳನ್ನು ಮುಚ್ಚಿದೆವು. ಲಗ್ನದ ಬಟ್ಟೆಯಲ್ಲಿ ನಾಲ್ಕು ಕನಾತು ಗಾಡಿಗೆ ಹೇರಬೇಡ ಎಂದು ಮಾಮಾಗೆ ಹೇಳಿ, ಅವನ್ನು ಮುದುಕಿಯ ಬಂಡಿಯ ಹತ್ತಿರ ಇಟ್ಟೆ. ಬೇಡ ಅನ್ನುತ್ತಾಳೆ ಎಂದುಕೊಂಡಿದ್ದೆ. ಆಕೆ ಒಂದನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿ, “ಕೂಸಿಗೆ ನೆರಳಾಕೈತಿ” ಎಂದು ಸೊಸೆಗೆ ಕೊಟ್ಟಳು. ನನ್ನ ಕಡೆ ನೋಡಲಿಲ್ಲ. ಒಲೆಯ ಕಲ್ಲುಗಳನ್ನು ಮೊದಲಿದ್ದ ಜಾಗಕ್ಕೆ ತಂದು ಹೂಡಿ ಬೆಂಕಿ ಹೊತ್ತಿಸಿದಳು.

ಗಾಡಿ ಹತ್ತಬೇಕು ಎನ್ನುವಾಗ ಆಕೆ ಕರೆದಳು.

“ತಂಗಿ.”

ನಿಂತೆ.

“ಅಡಿಗಿ ಮನಿ ಅಂದ್ಯಲ್ಲ. ಹಂಗ ಹೋಗಬಾರದು. ಬಾ, ಉಂಡ ಹೋಗು.”

ಬೈದಿದ್ದರೆ ಬೈಸಿಕೊಂಡು ಹೋಗುತ್ತಿದ್ದೆ. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಚಪ್ಪಲಿ ಬಿಟ್ಟು ಹೋಗಿ ಕುಳಿತೆ. ಎದುರಿಗೆ ಆ ಬೂದಿ. ಆಕೆ ಹಂಚಿನಿಂದ ರೊಟ್ಟಿ ತೆಗೆದು, ಮೇಲೆ ಖಾರ ಹಾಕಿ, ಒಂದು ಉಳ್ಳಾಗಡ್ಡಿ ಗುದ್ದಿ ನನ್ನ ಕೈಗೆ ಕೊಟ್ಟಳು. ತುತ್ತಿಗೊಮ್ಮೆ ನೀರು ಕುಡಿದು ತಿಂದೆ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬಂತು.

“ಸಾಕ ಆಯಿ.”

“ಉಣ್ಣು” ಎಂದಳು ಆಕೆ. “ದೊಡ್ಡ ಸಾಹೇಬ್ರಂತೂ ಉಣ್ಣಲಿಲ್ಲ.”

ತಲೆ ಎತ್ತದೆ ಅದನ್ನೂ ಉಂಡೆ.